ರೊಟ್ಟಿ ಸುಡುತ್ತಿದ್ದ ಮನೆ

ಹೋದ ತಿಂಗಳು ನಮ್ಮ ಶಾಲೆಗೆ ಇಬ್ಬರು ಪೊಲೀಸರು ಬಂದಿದ್ದರು. ಒಬ್ಬರು ಫೌಜದಾರರು, ಅಂದರೆ ಸಬ್ ಇನ್ಸ್‌ಪೆಕ್ಟರು, ಹೊಸದಾಗಿ ನೌಕರಿಗೆ ಸೇರಿದ ಹುಡುಗ. ಇನ್ನೊಬ್ಬರು ಅವರ ಪ್ರೊಜೆಕ್ಟರ್ ಹೊರುವುದಕ್ಕೆ. ಮಾದಕ ವಸ್ತುಗಳಿಂದ ದೂರ ಇರಿ ಎಂದು ಮಕ್ಕಳಿಗೆ ತಿಳಿ ಹೇಳುವ ಕಾರ್ಯಕ್ರಮ. ನಮ್ಮದು ರಾಯಬಾಗ ಕಡೆಯ ಹಳ್ಳಿ ಹೈಸ್ಕೂಲು, ದಿಗ್ಗೇವಾಡಿಯಿಂದಲೂ ಸುತ್ತಲಿನ ತೋಟದ ವಸ್ತಿಗಳಿಂದಲೂ ಮಕ್ಕಳು ಬರುತ್ತಾರೆ. ನಾನು ಅದರ ಮುಖ್ಯೋಪಾಧ್ಯಾಯಿನಿ, ಹಾಗಾಗಿ ಶಾಲು, ಹಾರ, ಚಹಾ, ಚೂಡಾ ಎಲ್ಲ ನನ್ನ ತಲೆಯ ಮೇಲೆ. ಇಂಥ ಕಾರ್ಯಕ್ರಮಗಳ ಬಗ್ಗೆ ನನಗೆ ಮೊದಲಿಂದಲೂ ಗೌರವವಿಲ್ಲ. ಪೊಲೀಸರಿಗೆ ಪಾಠ ಮಾಡಲು ಬರುವುದಿಲ್ಲ, ಮಾಸ್ತರರಿಗೆ ಆ ಪಾಠ ಬೇಕಾಗಿಲ್ಲ, ಮಕ್ಕಳಿಗೆ ಗಣಿತದ ತಾಸು ತಪ್ಪಿದರೆ ಸಾಕು. ಫೋಟೋ ತೆಗೆಯುವವನು ಬಂದರೆ ಮೂರೂ ಮಂದಿಗೆ ಸಮಾಧಾನ. ಅವತ್ತು ಹಾರ ಹಾಕುವಷ್ಟರಲ್ಲಿ ಕರೆಂಟು ಹೋಯಿತು, ಪ್ರೊಜೆಕ್ಟರ್ ಕಣ್ಣು ಮುಚ್ಚಿತು. ಫೌಜದಾರರು ಕಿಸೆಯಿಂದ ಮಡಿಚಿದ ಹಾಳೆ ತೆಗೆದು, ಚಟಕ್ಕೆ ಬಿದ್ದವರ ಲಕ್ಷಣಗಳನ್ನು ಒಂದೊಂದಾಗಿ ಓದತೊಡಗಿದರು. ಕಣ್ಣು ಕೆಂಪಾಗುವುದು, ಹಸಿವಿಲ್ಲದಿರುವುದು, ಹಗಲು ನಿದ್ದೆ. ನಾನು ಆಕಳಿಸುತ್ತ ಕೂತಿದ್ದೆ. ಆಗ ಅವರು ಇದನ್ನು ಓದಿದರು:

“ಮನ್ಯಾಗ ದಿನಾ ರೊಟ್ಟಿ ಸುಡಾಕತ್ತಾವ ಅಂದ್ರ ತಿಳ್ಕೋರಿ, ಒಲಿ ಮುಂದ ಕುಂತಾಕಿ ಅಲ್ಲಿಲ್ಲ.”

ನನಗೆ ನಗು ಬಂತು. ಬಂತು ಅಂದರೆ ಹೇಗೆ, ಇನ್ನೂರು ಮಕ್ಕಳ ಮುಂದೆ, ವೇದಿಕೆಯ ಮೇಲೆ, ಹೊಟ್ಟೆಯೊಳಗಿಂದ ಒದ್ದುಕೊಂಡು ಬಂತು. ಕೆಮ್ಮಿದಂತೆ ಮಾಡಿ, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದೆ. ನೀರಿನ ಟಾಕಿಯ ಹಿಂದೆ ನಿಂತು ಕಣ್ಣಲ್ಲಿ ನೀರು ಬರುವತನಕ ನಕ್ಕೆ. ಒಳಗೆ ಬಂದಾಗ ಮಕ್ಕಳು ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತಿದ್ದರು. ಚಹಾ ಕುಡಿಯುವಾಗ ಆ ಮಾತು ಎಲ್ಲಿಂದ ಬಂತು ಎಂದು ಫೌಜದಾರರನ್ನು ಕೇಳಿದೆ. “ಹಳೇ ಟಿಪ್ಪಣಿ ಐತ್ರಿ ಮೇಡಂ, ಮೊದಲಿನ ಹವಾಲ್ದಾರ ಮಂದಿ ಬರದಿಟ್ಟದ್ದು. ಎಲ್ಲಾ ಸಾಲ್ಯಾಗೂ ಇದನ್ನ ಹೇಳತೀವಿ,” ಎಂದರು. ನಾನು ಚೂಡಾದ ತಟ್ಟೆ ಅವರ ಮುಂದೆ ಸರಿಸಿದೆ. ಆ ಮಾತು ಹುಟ್ಟಿದ್ದು ಚಿಕ್ಕೋಡಿಯ ಒಂದು ಬಾಡಿಗೆ ಮನೆಯಲ್ಲಿ. ಬರೆದಿಟ್ಟ ಹವಾಲ್ದಾರ ನನ್ನ ಅಪ್ಪ. ಬರೆಯುವಾಗ ನಾನು ಎದುರಿಗೇ ಕೂತಿದ್ದೆ.

ಆ ಮನೆ ಒಂದು ಹಳೇ ವಾಡೆಯ ಎರಡು ಖೋಲಿ. ಮುಂದಿನ ಖೋಲಿ ಅಪ್ಪನದು. ಮೊಳೆಗೆ ಖಾಕಿ ಬಟ್ಟೆ, ಮೂಲೆಯಲ್ಲಿ ಲಾಠಿ, ಗೋಡೆಗೆ ಅಪ್ಪ ಸಣ್ಣಾಟದಲ್ಲಿ ರಾಜನ ವೇಷ ಹಾಕಿದ್ದ ಫೋಟೋ. ಹಿಂದಿನ ಖೋಲಿ ಅವ್ವನದು. ಹೊಗೆ ಹಿಡಿದ ಗೋಡೆ, ಒಲೆ, ರೊಟ್ಟಿ ಬಡಿಯುವ ಕೊಣಮಿಗೆ, ನೀರಿನ ಹಂಡೆ, ಗೋಡೆಯಲ್ಲೊಂದು ಸಣ್ಣ ಗೂಡು. ಗೂಡಿನಲ್ಲಿ ದೇವರಿರಲಿಲ್ಲ, ಅವ್ವನ ಕುಂಕುಮದ ಡಬ್ಬಿ ಇತ್ತು. ಗೋಡೆಯ ಆಚೆ ವಾಡೆಯ ಒಡತಿ, ಮರಾಠಿ ಮಾತಿನ ಮುದುಕಿ; ಎಲ್ಲರೂ ಅವಳನ್ನು ಮಾವಶಿ ಎನ್ನುತ್ತಿದ್ದೆವು. ದಿನಾ ಬೆಳಿಗ್ಗೆ ಅವಳು ತಂಬಾಕು ಹುರಿದು ಪುಡಿ ಮಾಡಿದ ಮಿಸ್ರಿಯಿಂದ ಹಲ್ಲು ತಿಕ್ಕುತ್ತ ಕಟ್ಟೆಯ ಮೇಲೆ ಕೂತು, ನಮ್ಮ ಮನೆಯೊಳಗಿನ ಪ್ರತಿಯೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಕೇಳದ ಗುಟ್ಟು ಆ ಮನೆಯಲ್ಲಿ ಇರಲಿಲ್ಲ. ಅಪ್ಪನಿಗೆ ಕೇಳಿಸಿದ ಗುಟ್ಟು ಒಂದೂ ಇರಲಿಲ್ಲ.

ಅಪ್ಪ ಯಾವ ಠಾಣೆಯಲ್ಲಿದ್ದ ಎಂದು ಬರೆಯುವುದಿಲ್ಲ. ಠಾಣೆಯ ತಪ್ಪೇನೂ ಇಲ್ಲ, ತಪ್ಪೆಲ್ಲ ನಮ್ಮ ಮನೆಯದು. ಅಪ್ಪನಿಗೆ ದೊಡ್ಡ ಹೊಟ್ಟೆ ಇತ್ತು, ಅದಕ್ಕಿಂತ ದೊಡ್ಡ ದನಿ ಇತ್ತು. ಓಡುವ ಕೆಲಸಕ್ಕೆ ಹೊಟ್ಟೆ ಅಡ್ಡ ಬರುತ್ತಿತ್ತು. ಸೈಕಲ್ ಕದ್ದವನೊಬ್ಬನ ಬೆನ್ನು ಹತ್ತಿ ಬಸ್ ಸ್ಟ್ಯಾಂಡಿನತನಕ ಓಡಿ, ಅಲ್ಲಿ ಕೂತು ಕಳ್ಳನಿಂದಲೇ ನೀರು ಕೇಳಿ ಕುಡಿದ ಎಂದು ಮಾವಶಿ ಹೇಳುತ್ತಿದ್ದಳು. ಕೊನೆಗೆ ಸಾಹೇಬರು ಅವನಿಗೆ ಶಾಲೆಗಳ ಕೆಲಸ ಹಚ್ಚಿದರು. ವಾರಕ್ಕೆ ಎರಡು ಮೂರು ಶಾಲೆಗೆ ಹೋಗುವುದು, ಗಾಂಜಾ ಅಫೀಮು ಕೆಟ್ಟದ್ದು ಎಂದು ಹೇಳುವುದು, ಹೆಡ್ ಮಾಸ್ತರರ ಸಹಿ ತರುವುದು. ಉಳಿದ ಪೊಲೀಸರು ಇದನ್ನು ಶಿಕ್ಷೆ ಎಂದು ತಿಳಿದು ಮುಸಿ ಮುಸಿ ನಕ್ಕರು. ಅಪ್ಪ ಮಾತ್ರ ರಾಜ್ಯ ಸಿಕ್ಕವನ ಹಾಗೆ ಮನೆಗೆ ಬಂದ. ಸಣ್ಣಾಟದ ಮೇಳ ಬಿಟ್ಟಾಗಿನಿಂದ ಅವನಿಗೆ ಎದುರಿಗೆ ಕೂತು ಕೇಳುವ ಮಂದಿ ಬೇಕಾಗಿತ್ತು. ಈಗ ಮಂದಿ ಸಿಕ್ಕಿತು, ಅದೂ ಎದ್ದು ಹೋಗಲು ಬಾರದ ಮಂದಿ.

ಅಪ್ಪ ಮನೆಯಲ್ಲಿ ತಾಲೀಮು ಮಾಡುತ್ತಿದ್ದ. ಬೆಳಿಗ್ಗೆ ಏಳು ಗಂಟೆಗೆ ಮುಂದಿನ ಖೋಲಿಯಲ್ಲಿ ಬನಿಯನ್ನಿನ ಮೇಲೆ ಬೆಲ್ಟು ಕಟ್ಟಿಕೊಂಡು, ತಲೆಗೆ ಟೋಪಿ ಇಟ್ಟು ನಿಲ್ಲುತ್ತಿದ್ದ. ನಾನು ಎದುರಿಗೆ ಚಾಪೆಯ ಮೇಲೆ. ಮನೆಗೆ ನಾನೊಬ್ಬಳೇ ಮಗಳು, ಹಾಗಾಗಿ ನಾನೇ ಐವತ್ತು ಮಕ್ಕಳು. “ಪ್ರೀತಿಯ ಮಕ್ಕಳೇ!” ಎಂದು ಅವನು ಕೂಗಿದರೆ ಆಚೆ ಕಟ್ಟೆಯಿಂದ ಮಾವಶಿ ಮಿಸ್ರಿಯ ಬಾಯಲ್ಲೇ “ಹಾ, ಬೋಲಾ ಸಾಹೇಬ್!” ಎನ್ನುತ್ತಿದ್ದಳು. ನಗಿಸುವ ಮಾತಿಗೆ ನಾನು ನಗಬೇಕು, ನಗದಿದ್ದರೆ ಆ ಮಾತು ಮತ್ತೊಮ್ಮೆ. ಪ್ರಶ್ನೆಗೆ ಕೈ ಎತ್ತಬೇಕು. ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ಬರೆದುಕೊಂಡ ಆರು ಲಕ್ಷಣಗಳನ್ನು ಅವನು ಒಂದೊಂದು ಬೆರಳು ಮಡಚುತ್ತ ಹೇಳುತ್ತಿದ್ದ. ಅವ್ವ ಹಿಂದಿನ ಖೋಲಿಯಲ್ಲಿ ರೊಟ್ಟಿ ಬಡಿಯುತ್ತ ಅದನ್ನೇ ಕೇಳುತ್ತಿದ್ದಳು. ಒಂದು ಶಾಲೆಯ ಮಕ್ಕಳು ಆ ಮಾತು ವರ್ಷಕ್ಕೊಮ್ಮೆ ಕೇಳಿದರೆ, ನಾವಿಬ್ಬರು ವಾರಕ್ಕೆ ಐದು ಸಲ ಕೇಳಿದೆವು.

ಶಾಲೆಯಲ್ಲಿ ತೋರಿಸುವುದಕ್ಕೆ ಒಂದು ಪೆಟ್ಟಿಗೆ ಬೇಕು ಎಂದು ಅಪ್ಪನಿಗೆ ಹೊಳೆಯಿತು. ಗಾಜಿನ ಮುಚ್ಚಳದ ಮರದ ಪೆಟ್ಟಿಗೆ ಬಡಿಗನಿಂದ ಮಾಡಿಸಿದ, ಒಳಗೆ ಆರು ಮನೆ. ಆದರೆ ಒಳಗೆ ಇಡುವುದೇನು? ಠಾಣೆಯಲ್ಲಿ ಹಿಡಿದ ಮಾಲು ಕೋರ್ಟಿನ ಸ್ವತ್ತು, ಮುಟ್ಟುವಂತಿಲ್ಲ. ಅಪ್ಪ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತ.

“ಏ, ಗಾಂಜಾ ಹೆಂಗ ಇರತೈತಿ ಗೊತ್ತೈತೇನು ನಿನಗ?”

“ನನಗ ಹೆಂಗ ಗೊತ್ತಿರತೈತ್ರಿ? ಹಿಡಿಯೋರು ನೀವು.”

“ಒಣಗಿದ ಮೆಂತ್ಯಾ ಪಲ್ಯೆ ಹಂಗ ಇರತೈತಿ. ಮಾಡ ಒಂದೀಟು.”

ಹೀಗೆ ನಮ್ಮ ಮನೆಯಲ್ಲಿ ಮಾದಕ ವಸ್ತುಗಳ ಅಡಿಗೆ ಶುರುವಾಯಿತು. ಅವ್ವ ಮೆಂತ್ಯೆ ಸೊಪ್ಪನ್ನು ನೆರಳಲ್ಲಿ ಒಣಗಿಸಿ ತಿಕ್ಕಿ ಗಾಂಜಾ ಮಾಡಿದಳು. ಹುಣಸೆಹಣ್ಣಿಗೆ ಬೆಲ್ಲ ಕೂಡಿಸಿ ಕುದಿಸಿ ಅಫೀಮು ಮಾಡಿದಳು. ಕರಿ ಎಳ್ಳು ಬೆಲ್ಲ ಕುಟ್ಟಿ ಪಂಚಮಿಗೆ ಮಾಡುವ ಚಿಗಳಿಯನ್ನೇ ಸ್ವಲ್ಪ ಗಟ್ಟಿ ಮಾಡಿ ಉಂಡೆ ಕಟ್ಟಿದರೆ ಚರಸ್ ಆಯಿತು. ಬೆಲ್ಲದ ಪುಡಿಗೆ ಒಲೆಯ ಬೂದಿ ಬೆರೆಸಿದರೆ ಬ್ರೌನ್ ಶುಗರ್. ಬಿಳಿ ಪುಡಿಗೆ ರಂಗೋಲಿ. ನನ್ನ ಅಕ್ಷರ ದುಂಡಗಿದ್ದದ್ದರಿಂದ ಚೀಟಿ ಬರೆದು ಅಂಟಿಸುವ ಕೆಲಸ ನನ್ನದು. ಅಥಣಿಯ ಕಡೆ ಒಂದು ಶಾಲೆಯಲ್ಲಿ ಹುಡುಗನೊಬ್ಬ ಕೈ ತೂರಿಸಿ ಚರಸ್ ನೆಕ್ಕಿ, “ಚಿಗಳಿ ಐತ್ರೀ ಸರ, ಇದು!” ಎಂದು ಒದರಿದನಂತೆ. ಅಪ್ಪ ಎಳ್ಳಷ್ಟೂ ಅಳುಕದೆ, “ನೋಡ್ರಿ ಮಕ್ಕಳೇ, ಹಿಂಗ ಸಿಹಿ ಹಚ್ಚಿ ಮೋಸ ಮಾಡತಾರ!” ಎಂದನಂತೆ. ಮನೆಗೆ ಬಂದು ಅದನ್ನು ಹೆಮ್ಮೆಯಿಂದ ಹೇಳಿದ. ನಿಪ್ಪಾಣಿಯಲ್ಲಿ ತಂಬಾಕು ವಿಷ ಎಂದು ಹೇಳುತ್ತಿದ್ದಾಗ ಒಬ್ಬ ಹುಡುಗಿ ಎದ್ದು, “ನಮ್ಮವ್ವ ಬೀಡಿ ಕಟ್ಟತಾಳ್ರಿ, ಬಿಡಸಿದ್ರ ನೀವು ಊಟಕ್ಕ ಹಾಕತೀರೇನ್ರಿ?” ಎಂದು ಕೇಳಿದಳಂತೆ. ಅದನ್ನು ಅಪ್ಪ ಹೇಳಲಿಲ್ಲ. ಜೊತೆಗೆ ಹೋದ ಪೊಲೀಸ ಮಾವಶಿಗೆ ಹೇಳಿದ.

ಆರನೆಯ ಮನೆ ಖಾಲಿ ಉಳಿದಿತ್ತು. ಅದಕ್ಕೆ ಗುಳಿಗೆ ಬೇಕಾಗಿತ್ತು. ಅಪ್ಪ ಸೀದಾ ಗೂಡಿಗೆ ಕೈ ಹಾಕಿ ಕುಂಕುಮದ ಡಬ್ಬಿಯ ಹಿಂದಿನಿಂದ ಅವ್ವನ ಗುಳಿಗೆಗಳ ಬಾಟಲಿ ತೆಗೆದ.

“ಅವು ನನ್ನವ್ರಿ,” ಎಂದಳು ಅವ್ವ. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ನಿನ್ನವ, ಯಾರ ಇಲ್ಲಂದ್ರು? ಗುಳಿಗಿ ಗುಳಿಗೀನ. ನೀ ಬ್ಯಾರೆ ತರಿಸ್ಕೋ.”

ಆ ಗುಳಿಗೆಗಳ ಕಥೆ ಹೇಳಬೇಕು. ನನ್ನ ಬೆನ್ನಿಗೆ ಹುಟ್ಟಿದ ಗಂಡು ಕೂಸು ಎಂಟೇ ದಿನಕ್ಕೆ ಹೋಗಿತ್ತು. ಅಪ್ಪ “ಹೋದದ್ದು ಹೋತು” ಎಂದು ಡ್ಯೂಟಿಗೆ ಹೋದ. ಅವ್ವನಿಗೆ ಅವತ್ತಿನಿಂದ ನಿದ್ದೆ ಹೋಯಿತು, ಅರ್ಧತಲೆ ನೋವು ಬಂತು. ಡಾಕ್ಟರು ಹದಿನೈದು ದಿನಕ್ಕೆಂದು ನಿದ್ದೆ ಬರುವ ಗುಳಿಗೆ ಬರೆದುಕೊಟ್ಟರು. ಹದಿನೈದು ದಿನ ಮುಗಿದು ಎರಡು ವರ್ಷವಾಗಿತ್ತು. ತರುವವಳು ನಾನು. ಔಷಧದ ಅಂಗಡಿಯಾತ ಬೇರೆಯವರಿಗೆ ಡಾಕ್ಟರ ಚೀಟಿ ಇಲ್ಲದೆ ಕೊಡುತ್ತಿರಲಿಲ್ಲ. ಸದಲಗಾ ಕಡೆಯಿಂದ ಬಂದ ಒಬ್ಬ ಮುದುಕನನ್ನು ನನ್ನ ಎದುರಿಗೇ ವಾಪಸ್ಸು ಕಳಿಸಿದ್ದ. ನನಗೆ ಮಾತ್ರ “ಹವಾಲ್ದಾರರ ಮಗಳಲ್ಲೇನವಾ?” ಎಂದು ನಗುತ್ತ ಕಾಗದದಲ್ಲಿ ಸುತ್ತಿ ಕೊಟ್ಟು, “ಅಪ್ಪಗ ನಮಸ್ಕಾರ ಹೇಳು,” ಎನ್ನುತ್ತಿದ್ದ. ನಾನು ಆ ನಮಸ್ಕಾರ ಒಮ್ಮೆಯೂ ಹೇಳಲಿಲ್ಲ, ಅವ್ವ ಬೇಡವೆಂದಿದ್ದಳು. ಅಪ್ಪನ ಪೆಟ್ಟಿಗೆಯಲ್ಲಿ ಖರೇ ವಸ್ತು ಅಂತ ಇದ್ದದ್ದು ಅದೊಂದೇ, ಅದೂ ಅವನ ಹೆಂಡತಿಯ ಗೂಡಿನಿಂದ ಹೋದದ್ದು. ಅದರ ಮೇಲೆ ‘ನಿದ್ದೆ ಗುಳಿಗೆ: ಅತ್ಯಂತ ಅಪಾಯಕಾರಿ’ ಎಂದು ಚೀಟಿ ಬರೆದವಳೂ ನಾನೇ. ಮುಂದೆ ಒಂದು ದಿನ ಅಂಗಡಿಯಲ್ಲಿ ಮಾಲು ಮುಗಿದಿತ್ತು. ಅವ್ವ ಪೆಟ್ಟಿಗೆಯ ಮುಚ್ಚಳ ತೆಗೆದು ಆ ಬಾಟಲಿ ಖಾಲಿ ಮಾಡಿ, ಅದರಲ್ಲಿ ಬಿಳಿ ಪೆಪ್ಪರಮಿಂಟು ತುಂಬುವುದನ್ನು ನಾನು ನೋಡಿದೆ. ಅವತ್ತಿನಿಂದ ಪೆಟ್ಟಿಗೆಯಲ್ಲಿ ಒಂದೂ ಖರೇ ವಸ್ತು ಉಳಿಯಲಿಲ್ಲ. ಅಪ್ಪ ಅದನ್ನೇ ಎತ್ತಿಕೊಂಡು ಕಾಗವಾಡದತನಕ ತಿರುಗಿದ.

ನನಗೆ ಭಯ ಹತ್ತಿದ್ದು ಅಪ್ಪನ ಭಾಷಣದಿಂದಲೇ. ದಿನಾ ಬೆಳಿಗ್ಗೆ ಅವನು ಬೆರಳು ಮಡಚುತ್ತ ಹೇಳುತ್ತಿದ್ದ ಲಕ್ಷಣಗಳು ಒಂದೊಂದಾಗಿ ಹಿಂದಿನ ಖೋಲಿಯಲ್ಲಿ ಕಾಣತೊಡಗಿದವು. ಹಗಲು ನಿದ್ದೆ ಇತ್ತು. ಮಾತು ಮರೆಯುವುದಿತ್ತು. ವಸ್ತು ಅಡಗಿಸುವುದಿತ್ತು. ಅವ್ವ ನನಗೆ ಒಂದು ಹೆಳಲು ಹೆಣೆದು, ಎರಡನೆಯದರ ಕೂದಲು ಕೈಯಲ್ಲಿ ಹಿಡಿದುಕೊಂಡೇ ಕೂತುಬಿಡುತ್ತಿದ್ದಳು. ಕರೆದರೆ “ಓ” ಎನ್ನುತ್ತಿದ್ದಳು, ಅಷ್ಟೇ. ನಾನು ಒಂದು ಹೆಳಲಿನಲ್ಲಿ ಓಡಿಹೋದರೆ ಮಾವಶಿ ಕಟ್ಟೆಯ ಮೇಲೆ ಹಿಡಿದು ಕೂಡಿಸಿ ಇನ್ನೊಂದು ಹಾಕುತ್ತಿದ್ದಳು. ಒಂದು ದಿನ ಹಾಲು ಉಕ್ಕಿ ಒಲೆ ಆರಿ ಹೋಗುವತನಕ ಅವ್ವ ಅದರ ಮುಂದೆ ನಿಂತು ನೋಡುತ್ತಿದ್ದಳು. ರೊಟ್ಟಿಯಂತೂ ದಿನಾ ಸುಡುತ್ತಿತ್ತು. ಅಪ್ಪ ಸುಟ್ಟದ್ದನ್ನು ಕೆತ್ತಿ ತೆಗೆದು, ಉಳಿದದ್ದನ್ನು ತಿಂದು, “ಹಿಟ್ಟು ಚಲೋ ಇಲ್ಲ ಈ ಸಲ,” ಎನ್ನುತ್ತಿದ್ದ. ಭಾಷಣದಲ್ಲಿ ಇನ್ನೊಂದು ಮಾತಿತ್ತು: “ತಗೊಳ್ಳೋನಕಿಂತ ತಂದುಕೊಡೋನು ದೊಡ್ಡ ಅಪರಾಧಿ!” ಹೇಳುವಾಗ ಅವನು ಲಾಠಿಯ ತುದಿಯನ್ನು ಮುಂದಿನ ಸಾಲಿನ ಕಡೆಗೆ ಚಾಚುತ್ತಿದ್ದ. ಮುಂದಿನ ಸಾಲು ನಾನೇ. ತಂದುಕೊಡುವವಳೂ ನಾನೇ.

“ದಿವ್ಯಾಖಾಲೀ ಅಂಧಾರ್,” ಎನ್ನುತ್ತಿದ್ದಳು ಮಾವಶಿ, ನನ್ನ ಹೆಳಲು ಬಿಗಿಯುತ್ತ. ದೀಪದ ಬುಡದಲ್ಲೇ ಕತ್ತಲೆ ಎಂದು. “ಏನಾಗೇತಿ ಗ ನಿಮ್ಮವ್ವಗ? ಅಪ್ಪಗ ಕಣ್ಣ ಇಲ್ಲೇನು?”

ಅಪ್ಪನಿಗೆ ಕಣ್ಣಿತ್ತು. ಕನ್ನಡಿ ನೋಡಿಕೊಳ್ಳುವುದಕ್ಕೆ ಇತ್ತು. ಮನಿಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಅವನು ಊರಿಗಾದರೂ ಉಪಕಾರ ಮಾಡಿದ್ದಿದ್ದರೆ ಇಷ್ಟು ಸಿಟ್ಟು ನನಗೆ ಇರುತ್ತಿರಲಿಲ್ಲ. ಎಷ್ಟೋ ಶಾಲೆಗಳಲ್ಲಿ ಒಂದಾದರೂ ಮಗು ಅವನ ಮಾತಿನಿಂದ ಬದುಕಿತು ಎಂದು ನಾನು ನಂಬುವುದಿಲ್ಲ.

ಕೊನೆಗೆ ನನ್ನ ಶಾಲೆಯ ಸರದಿ ಬಂತು. ನಾನಾಗ ಏಳನೆಯ ಇಯತ್ತೆ. ಅಪ್ಪ ಮೊದಲೇ ಎಲ್ಲ ಗೊತ್ತು ಮಾಡಿದ್ದ: ಭಾಷಣದ ಕೊನೆಗೆ “ಲಕ್ಷಣ ಯಾರು ಹೇಳತೀರಿ?” ಎಂದು ಕೇಳುವುದು, ನಾನು ಕೈ ಎತ್ತುವುದು, ಆರೂ ಹೇಳುವುದು, ಅವನು ತಾನೇ ತಂದಿಟ್ಟ ಪೆನ್ನನ್ನು ಬಹುಮಾನ ಕೊಡುವುದು. ಅವತ್ತು ಬೆಳಿಗ್ಗೆ ಅಪ್ಪ ಕ್ಷೌರಕ್ಕೆ ಹೋಗಿದ್ದ. ನಾನು ಹಿಂದಿನ ಖೋಲಿಗೆ ಹೋದಾಗ ಅವ್ವ ಒಲೆಯ ಮುಂದೆ ಕೂತಿದ್ದಳು, ಅವಳ ಸೆರಗಿನ ತುದಿ ಉರಿಯುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ನೋಡುತ್ತಿದ್ದಳು, ಅಷ್ಟೇ. ನಾನು ಹಂಡೆಯ ನೀರು ತಂಬಿಗೆಯಲ್ಲಿ ತುಂಬಿ ತುಂಬಿ ಅವಳ ಮೇಲೆ ಸುರಿದೆ. ಮೊಣಕೈ ಹತ್ತಿರ ಚರ್ಮ ಕೆಂಪಾಗಿತ್ತು. ಒದ್ದೆಯಾಗಿ ನಡುಗುತ್ತ ಅವಳು ಎಚ್ಚರವಾದಳು. ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

“ನನ್ನ ಆಣಿ ಐತಿ. ನಿಮ್ಮಪ್ಪಗ ಹೇಳಬ್ಯಾಡ.”

“ನೀ ಸತ್ತಗಿತ್ತ ಹೋಗತಿ ಬೇ ಯವ್ವಾ!”

“ಹೇಳಿದ್ರ ಇವತ್ತ ಸಾಯತೀನಿ. ಅವರ ನೌಕರಿ ಹೋಗತೈತಿ. ಮಂದಿ ನಗತಾರ. ಆಣಿ ಹಾಕು.”

ಹಾಕಿದೆ. ಅವ್ವನ ತಲೆಯ ಮೇಲೆ ಕೈಯಿಟ್ಟು ಮಾಡಿದ ಆಣೆ ಮುರಿದರೆ ಅವ್ವ ಸಾಯುತ್ತಾಳೆ. ಮುರಿಯದಿದ್ದರೆ ಒಲೆಯಲ್ಲಿ ಸಾಯುತ್ತಾಳೆ. ಹನ್ನೆರಡು ವರ್ಷದ ಹುಡುಗಿಯ ತಲೆಗೆ ಇಂಥ ಲೆಕ್ಕ ಕೊಡಬಾರದು. ಶಾಲೆಗೆ ಹೋಗುವ ದಾರಿಯುದ್ದಕ್ಕೂ ನಾನು ಅದನ್ನೇ ತಿರುವಿ ಹಾಕಿದೆ. ಅಪ್ಪನಿಗೆ ಹೇಳುವುದಿಲ್ಲ ಎಂದಷ್ಟೇ ನಾನು ಆಣೆ ಹಾಕಿದ್ದೆ. ಶಾಲೆಗೆ ಹೇಳುವುದಿಲ್ಲ ಎಂದು ಹಾಕಿರಲಿಲ್ಲ.

ಪಟಾಂಗಣದಲ್ಲಿ ಎಲ್ಲರೂ ಕೂತಿದ್ದೆವು. ವೇದಿಕೆಯ ಮೇಲೆ ನಮ್ಮ ಹೆಡ್ ಮಾಸ್ತರರು ದವಡೆಯಲ್ಲಿ ಮಾವಾ ಇಟ್ಟುಕೊಂಡಿದ್ದರು. ಮಾವಾ ಅಂದರೆ ಅಡಿಕೆ ತಂಬಾಕು ಸುಣ್ಣ ಹಾಕಿ ತಿಕ್ಕಿದ್ದು. ನಮ್ಮ ಭಾಗದ ಅರ್ಧ ಗಂಡಸರ ಬಾಯಿ ಮುಚ್ಚಿಸುವುದು ಅದೇ. ಸ್ವಾಗತ ಕೋರಬೇಕಾದರೆ ಉಗುಳಬೇಕು, ಉಗುಳಬೇಕಾದರೆ ವೇದಿಕೆ ಇಳಿಯಬೇಕು. ಹಾಗಾಗಿ ಅವರು ಕೈ ಮುಗಿದೇ ಸ್ವಾಗತ ಮುಗಿಸಿದರು. ಅಪ್ಪ ಹೊಸ ಕ್ಷೌರದಲ್ಲಿ ಮಿಂಚುತ್ತ ಪೂರಾ ಒಂದು ತಾಸು ಗರ್ಜಿಸಿದ. ಪೆಟ್ಟಿಗೆ ತೋರಿಸಿದ. ನನ್ನ ಗೆಳತಿಯರು ನಮ್ಮ ಮೆಂತ್ಯೆ ಸೊಪ್ಪನ್ನು ನೋಡಿ ಹೆದರಿದರು. ಆಮೇಲೆ ಪ್ರಶ್ನೆ ಕೇಳಿದ. ನಾನು ಕೈ ಎತ್ತಿ ವೇದಿಕೆ ಹತ್ತಿದೆ. ಅವತ್ತು ನನಗೆ ಒಂದೇ ಹೆಳಲಿತ್ತು. ಗಾಬರಿಯಲ್ಲಿ ಮಾವಶಿಯ ಕಡೆಗೂ ಹೋಗಿರಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತ ಹೇಳಿದೆ.

“ಮನ್ಯಾಗ ಒಬ್ಬರು ಇರತಾರ್ರಿ. ಮೊದಲ ಎರಡ ಹೆಳಲ ಹಾಕತಿದ್ರು, ಈಗ ಒಂದ ಹಾಕಿ ಮರತ ಕುಂದರತಾರ. ಹಾಲು ಉಕ್ಕಿ ಹೋಗತೈತಿ, ಮುಂದ ನಿಂತ ನೋಡತಿರತಾರ, ಇಳಸೂದಿಲ್ಲ. ಕರದ್ರ ಓ ಅಂತಾರ, ಬರೂದಿಲ್ಲ. ಕುಂಕುಮದ ಡಬ್ಬಿ ಹಿಂದ ಏನೋ ಇಟ್ಟಿರತಾರ. ಸೆರಗಿಗೆ ಬೆಂಕಿ ಹತ್ತಿದ್ರೂ ಅವರಿಗೆ ಗೊತ್ತಾಗೂದಿಲ್ರಿ. ಅವರನ್ನ ಯಾರರ ಒಬ್ಬರು ನೋಡಬೇಕ್ರಿ.”

ಅಪ್ಪ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣು ಒದ್ದೆಯಾದವು. ತಿಳಿಯಿತು, ಅಂತೂ ತಿಳಿಯಿತು ಅಪ್ಪಗ ಎಂದುಕೊಂಡೆ. ಅವನನ್ನು ಹೋಗಿ ತಬ್ಬಿಕೊಳ್ಳಬೇಕು ಎನ್ನಿಸಿತು. ಅಷ್ಟರಲ್ಲಿ ಅಪ್ಪ ಎರಡೂ ಕೈ ಮೇಲೆತ್ತಿದ.

“ಚಪ್ಪಾಳೆ! ಬಡೀರಿ ಚಪ್ಪಾಳೆ! ನಾ ಕಲಿಸಿದ್ದು ಆರು ಲಕ್ಷಣ, ನನ್ನ ಮಗಳು ತಾನ ಹುಟ್ಟಿಸಿ ಹೇಳಿದ್ಲು! ಸಣ್ಣಾಟದ ರಕ್ತರೀ ಇದು, ಎಲ್ಲಿ ಹೋಗತೈತಿ!”

ಹೆಡ್ ಮಾಸ್ತರರು ಬಾಯಿ ತೆರೆಯದೆ ತಲೆದೂಗಿದರು. ನನ್ನ ಕೈಗೆ ಪೆನ್ನು ಬಂತು. ಅಂಥ ಅಪ್ಪನ ಬಗ್ಗೆ ಇಷ್ಟು ವರ್ಷ ಕಳೆದ ಮೇಲೂ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರದಿದ್ದರೆ ಓದುವವರು ಕ್ಷಮಿಸಬೇಕು. ಆ ಪೆನ್ನನ್ನು ನಾನು ವಾಡೆಯ ಬಾವಿಗೆ ಒಗೆದೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಮತ್ತೆ ತಾಲೀಮು. ಅಪ್ಪ ನನ್ನ ಮಾತುಗಳನ್ನೆಲ್ಲ ನೀಲಿ ನೋಟುಬುಕ್ಕಿಗೆ ಇಳಿಸಿಕೊಂಡಿದ್ದ. ಮುಂದಿನ ಶಾಲೆಗೆ ಅದೇ ಹೊಸ ಮಾಲು. ಬನಿಯನ್ನು, ಬೆಲ್ಟು, ಟೋಪಿ. ನಾನು ಚಾಪೆಯ ಮೇಲೆ ನೆಲ ನೋಡುತ್ತ ಕೂತಿದ್ದೆ. “ಪ್ರೀತಿಯ ಮಕ್ಕಳೇ! ನಿಮ್ಮ ಮನ್ಯಾಗ ಒಬ್ಬರು ಇರತಾರ! ಎರಡ ಹೆಳಲ ಹಾಕೋರು ಒಂದ ಹಾಕತಾರ!” ಎಂದು ಶುರು ಮಾಡಿದ. ಹಿಂದಿನ ಖೋಲಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅಪ್ಪ ಮುಂದುವರಿದ: ಹಾಲು, ಕುಂಕುಮದ ಡಬ್ಬಿ, ಸೆರಗಿನ ಬೆಂಕಿ. ಒಂದೊಂದು ಮಾತಿಗೂ ದನಿ ಏರಿಸಿ, ಕೈ ಬೀಸಿ, ರಾಜನ ವೇಷದಲ್ಲಿ ಅತ್ತಂತೆ ಅತ್ತ. ಅವ್ವ ಬಾಗಿಲಿಗೆ ಬಂದಳು. ಎರಡೂ ಕೈಗೆ ಹಿಟ್ಟು ಹತ್ತಿತ್ತು, ಮೊಣಕೈಗೆ ಹಚ್ಚಿದ ಕೊಬ್ಬರಿ ಎಣ್ಣೆ ಮಿಂಚುತ್ತಿತ್ತು. ಹಿಂದಿನ ದಿನದ ಭಯಕ್ಕೋ ಏನೋ, ರಾತ್ರಿಯ ಗುಳಿಗೆ ಅವಳು ತೆಗೆದುಕೊಂಡಿರಲಿಲ್ಲ. ಕಣ್ಣು ಕೆಂಪಾಗಿದ್ದವು, ಆದರೆ ನೋಡುತ್ತಿದ್ದವು.

“ಹಾಲು ಉಕ್ಕಿದ್ದು ಒಮ್ಮೆರಿ,” ಎಂದಳು. “ರೊಟ್ಟಿ ಸುಡೂದು ದಿನಾ. ಅದನ್ನ ಹೇಳ್ರಿ.”

“ಹಾಂ? ಹೆಂಗ ಹೇಳಲಿ?”

“ಮನ್ಯಾಗ ದಿನಾ ರೊಟ್ಟಿ ಸುಡಾಕತ್ತಾವ ಅಂದ್ರ ತಿಳ್ಕೋರಿ, ಒಲಿ ಮುಂದ ಕುಂತಾಕಿ ಅಲ್ಲಿಲ್ಲ. ಹಿಂಗ ಹೇಳ್ರಿ.”

“ತಡಿ ತಡಿ, ಬರ್ಕೋತೀನಿ.” ಅಪ್ಪ ಟೋಪಿ ತೆಗೆದಿಟ್ಟು, ಮೊಣಕಾಲ ಮೇಲೆ ನೋಟುಬುಕ್ಕು ಇಟ್ಟುಕೊಂಡು, ಪೆನ್ಸಿಲ್ ತುದಿ ನಾಲಗೆಗೆ ತಾಗಿಸಿದ. “ಒಲಿ ಮುಂದ ಕುಂತಾಕಿ... ಮುಂದ?”

“ಅಲ್ಲಿಲ್ಲ.”

“ಅಲ್ಲಿಲ್ಲ,” ಎಂದು ಬರೆದ. ಗೆರೆ ಎಳೆದ. “ಭಾಳ ಚಲೋ ಐತಿ. ನೀನೂ ಕಲತಿ ನೋಡು ನನ್ನ ಜೋಡಿ ಇದ್ದು.” ಆಮೇಲೆ ಮೂಗು ಅರಳಿಸಿದ. “ಏ, ಒಳಗ ರೊಟ್ಟಿ ಸುಡಾಕತ್ತೈತಿ ನೋಡು.”

ಕಟ್ಟೆಯ ಮೇಲೆ ಮಾವಶಿ ಥೂ ಎಂದು ಉಗುಳಿದ್ದು ಕೇಳಿಸಿತು. ಮಿಸ್ರಿಯನ್ನೇ ಉಗುಳಿದಳೋ ಬೇರೆ ಏನನ್ನೋ ಗೊತ್ತಿಲ್ಲ.

ಅಪ್ಪ ಡ್ಯೂಟಿಗೆ ಹೋದ ಮೇಲೆ ಅವ್ವ ನನ್ನನ್ನು ಮುಂದೆ ಕೂಡಿಸಿಕೊಂಡು ಹೆಳಲು ಹಾಕಿದಳು. ಎರಡೂ ಹಾಕಿದಳು.

“ಆಣಿ ಮುರದೇನು?”

“ಅಪ್ಪಗ ಹೇಳಿಲ್ಲ ಬೇ. ಸಾಲಿಗೆ ಹೇಳೀನಿ.”

ಅವ್ವ ನಕ್ಕಳು. ಕೂಸು ಹೋದ ಮೇಲೆ ನಾನು ಕೇಳಿದ ಮೊದಲ ನಗು ಅದು. ಅರ್ಧಕ್ಕೆ ಅಳು ಆಯಿತು. “ಇಷ್ಟ ಹೇಳಿದ್ರೂ ತಿಳೀಲಿಲ್ಲ ಅವರಿಗೆ. ಇನ್ನ ಅವರು ನೋಡತಾರ ಅಂತ ಕುಂತ್ರ ನಾ ಸುಟ್ಟ ಹೋಗತೀನಿ,” ಎಂದಳು. ಅವತ್ತೇ ಚೀಲ ಕಟ್ಟಿ ನನ್ನನ್ನೂ ಕರೆದುಕೊಂಡು ತವರಿಗೆ, ಕೃಷ್ಣಾ ದಂಡೆಯ ಸತ್ತಿಗೆ ಹೊರಟಳು. ಅಜ್ಜಿಗೆ ಎಲ್ಲ ಹೇಳಿದಳು. ಅಜ್ಜಿ ಭಾಷಣ ಮಾಡಲಿಲ್ಲ, ಅಥಣಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಒಮ್ಮೆಲೇ ಬಿಡಬೇಡಿ, ಸ್ವಲ್ಪ ಸ್ವಲ್ಪ ಇಳಿಸಿರಿ ಎಂದರು ಅವರು. ಅಜ್ಜಿ ತನ್ನ ಅಡಕೊತ್ತಿನಿಂದ ಗುಳಿಗೆ ಕತ್ತರಿಸುತ್ತಿದ್ದಳು: ಮೊದಲು ಒಂದರ ಮುಕ್ಕಾಲು, ಆಮೇಲೆ ಅರ್ಧ, ಆಮೇಲೆ ಪಾವು. ಅವ್ವ ಬೆವರಿದಳು, ನಡುಗಿದಳು, ಹೋದ ಕೂಸನ್ನು ನೆನೆದು ಅತ್ತಳು. ಅಜ್ಜಿ ಅವಳ ಪಕ್ಕದಿಂದ ಏಳಲಿಲ್ಲ. ಎರಡು ತಿಂಗಳಿಗೆ ಅಡಕೊತ್ತು ಮತ್ತೆ ಅಡಿಕೆಗೆ ಹೋಯಿತು. ಅಷ್ಟರಲ್ಲಿ ಅಪ್ಪನಿಂದ ಒಂದು ಕಾರ್ಡು ಬಂದಿತ್ತು. ‘ಚರಸಕ್ಕ ಇರುವಿ ಹತ್ಯಾವ. ಅಫೀಮಿಗೆ ಬೂಷ್ಟ ಬಂದೈತಿ. ಲಗು ಬಾ’ ಎಂದು ಬರೆದಿದ್ದ. ಅಜ್ಜಿ ಅದನ್ನು ನನ್ನಿಂದ ಎರಡು ಸಲ ಓದಿಸಿ, ಒಲೆಗೆ ಹಾಕಿದಳು.

ಅಪ್ಪ ಈಗಿಲ್ಲ. ಸಾಯುವತನಕ ಅವನಿಗೆ ಗುಳಿಗೆಯ ಸಂಗತಿ ಗೊತ್ತಾಗಲಿಲ್ಲ, ಚಿಕ್ಕೋಡಿಗೆ ತಿರುಗಿ ಹೋದ ಮೇಲೆ ನಾವೂ ಹೇಳಲಿಲ್ಲ. ನೌಕರಿ ಮುಗಿಸುವಾಗ ಕೊಟ್ಟ ಪ್ರಶಸ್ತಿಪತ್ರವನ್ನು ರಾಜನ ವೇಷದ ಪಕ್ಕಕ್ಕೆ ತೂಗು ಹಾಕಿಕೊಂಡಿದ್ದ. ನೀಲಿ ನೋಟುಬುಕ್ಕನ್ನು ತನ್ನ ನಂತರ ಬಂದವನಿಗೆ ಕೊಟ್ಟುಹೋದ. ಅದು ಕೈಯಿಂದ ಕೈಗೆ ದಾಟಿ, ಯಾರೋ ಟೈಪು ಮಾಡಿಸಿ, ಈಗ ಆ ಫೌಜದಾರ ಹುಡುಗನ ಕಿಸೆಯೊಳಗೆ ಬಂದಿದೆ.

ಅವ್ವ ನನ್ನ ಜೊತೆಗಿದ್ದಾಳೆ. ಎಪ್ಪತ್ತು ದಾಟಿದೆ, ಈಗಲೂ ರೊಟ್ಟಿ ತಾನೇ ಬಡಿಯಬೇಕು, ಒಂದೂ ಸುಡುವುದಿಲ್ಲ. ಪೊಲೀಸರು ಬಂದುಹೋದ ಸಂಜೆ ಅವಳು ಹೊಸ್ತಿಲ ಹತ್ತಿರ ಕೂತು ಮೆಂತ್ಯೆ ಪಲ್ಯೆ ಸೋಸುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ: ಕರೆಂಟು ಹೋದದ್ದು, ಹಾಳೆ ತೆಗೆದದ್ದು, ಆ ಹುಡುಗ ಗಂಟಲು ಸರಿಪಡಿಸಿಕೊಂಡು ಅವಳ ಮಾತನ್ನೇ ಓದಿದ್ದು. ಅವನ ದನಿ ಅಣಕಿಸಿ ತೋರಿಸಿದೆ. ಅವ್ವ ನಗಲಿಲ್ಲ. ಸೊಪ್ಪಿನ ಮೇಲಿನ ಕೈ ನಿಂತಿತು.

“ಅಂವ ಅದನ್ನ ಓದಿದಾಗ ಯಾವ ಹುಡುಗಿ ತಲಿ ಕೆಳಗ ಹಾಕಿದ್ಲು?”

“ಯಾವ ಹುಡುಗಿ?”

“ಇನ್ನೂರ ಮಕ್ಕಳು ಅದಾರಂತಿ. ಒಬ್ಬಾಕಿಯರ ತಲಿ ಕೆಳಗ ಹಾಕಿರತಾಳ. ನೀ ನೋಡಲಿಲ್ಲೇನು?”

“ನಾ ಎಲ್ಲಿ ನೋಡಲಿ ಬೇ, ನನಗ ನಗು ತಡೀಲಿಲ್ಲ. ಟಾಕಿ ಹಿಂದ ಹೋಗಿ ನಿಂತಿದ್ನಿ.”

ಅವ್ವ ಸೊಪ್ಪಿನ ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡಳು.

“ನಿಮ್ಮಪ್ಪನ ಮಗಳವಾ ನೀ,” ಎಂದಳು.